ಚಂದ್ರಿಯ ಬಾಯಿ, ನನ್ನ ಕೈ

ನನಗೊಂದು ಚಾಳಿ ಇದೆ. ಏನು ಹಿಡಿದರೂ ಬಿಗಿಯಾಗಿ ಹಿಡಿಯುತ್ತೇನೆ. ಬಸ್ಸಿನ ಕಂಬಿ, ಹಾಲಿನ ಪ್ಯಾಕೆಟ್ಟು, ಹೂವಿನ ಪೊಟ್ಟಣ, ಆಸ್ಪತ್ರೆಗೆ ನೋಡಲು ಹೋದಾಗ ರೋಗಿಯ ಕೈ, ಯಾವುದನ್ನೂ ಬಿಟ್ಟವಳಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದೆ. ಅಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಸವೆದು ಮುಗಿದ ಸೀಮೆಸುಣ್ಣ ಒಂದೂ ಇಲ್ಲ, ಎಲ್ಲವೂ ಮುರಿದೇ ಮುಗಿದವು. ಮುಂದಿನ ಬೆಂಚಿನ ಹುಡುಗಿಯರು ಆ ತುಂಡುಗಳನ್ನು ಆರಿಸಿಕೊಂಡು ಕುಂಟೆಬಿಲ್ಲೆಯ ಮನೆ ಬರೆಯಲು ಒಯ್ಯುತ್ತಿದ್ದರು. ನಾನು ಮುಚ್ಚಿದ ಉಪ್ಪಿನಕಾಯಿ ಜಾಡಿಯನ್ನು ನಮ್ಮ ಮನೆಯಲ್ಲಿ ಇನ್ನೊಬ್ಬರು ತೆಗೆಯಲಾರರು. ನಾನು ಊರಲ್ಲಿಲ್ಲದಾಗ ನಮ್ಮ ಯಜಮಾನರು ಮೊಸರನ್ನಕ್ಕೆ ಬರೀ ಉಪ್ಪು ನಂಚಿಕೊಂಡು ತಿಂದದ್ದೂ ಉಂಟು.

ಅಂಥವಳು ಮೊನ್ನೆ ಎರಡು ಚೆನ್ನಾಗಿ ಹಣ್ಣಾದ ಟೊಮ್ಯಾಟೊಗಳನ್ನು ಎರಡು ಅಂಗೈಯಲ್ಲಿಟ್ಟುಕೊಂಡು, ಅದೇ ಕೈಗಳಲ್ಲಿ ಲಗಾಮನ್ನೂ ಹಿಡಿದು, ಕುದುರೆಯ ಮೇಲೆ ಮೈದಾನ ಒಂದು ಸುತ್ತು ಬಂದು, ಸಂಜೆ ಆ ಎರಡನ್ನೂ ಸಾರಿಗೆ ಹಾಕಿದೆ ಎಂದರೆ ನೀವು ನಂಬಬೇಕು. ಅರವತ್ತೊಂದನೆಯ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಕೇಳುವವರಿಗೆ ಹೇಳಲು ನನ್ನ ಬಳಿ ಒಂದು ಉದ್ದನೆಯ ಉತ್ತರವಿದೆ. ಅದು ಶುರುವಾಗುವುದು ಬೇರೆ ಕುದುರೆಯಿಂದ.

ಆ ಕುದುರೆಯ ಹೆಸರು ಚಂದ್ರಿ. ಕಂದು ಬಣ್ಣ, ಹಣೆಯಲ್ಲಿ ಅರ್ಧ ಅಳಿಸಿದ ಬೊಟ್ಟಿನಂಥ ಬಿಳಿ ಮಚ್ಚೆ. ಅವಳು ಪಾಪಣ್ಣನ ಜಟಕಾ ಗಾಡಿಯ ಕುದುರೆ. ನಮ್ಮ ಮನೆ ಚಾಮರಾಜಪೇಟೆಯಲ್ಲಿ, ಶಾಲೆ ಬಸವನಗುಡಿಯಲ್ಲಿ. ಅಕ್ಕಪಕ್ಕದ ಬೀದಿಗಳ ಆರು ಜನ ಹುಡುಗಿಯರನ್ನು ದಿನಾ ಬೆಳಿಗ್ಗೆ ತುಂಬಿಕೊಂಡು ಹೋಗಿ, ಸಂಜೆ ತಂದು ಮನೆಮನೆಗೆ ಬಿಡುವುದು ಪಾಪಣ್ಣನ ಕೆಲಸ. ನನಗಾಗ ಒಂಬತ್ತು ವರ್ಷ, ಅವನಿಗೆ ಮೂವತ್ತರ ಮೇಲೆ ಸ್ವಲ್ಪ ಇರಬೇಕು. ಈಗ ಎದುರಿಗೆ ಸಿಕ್ಕರೆ 'ನೀವು' ಎನ್ನುತ್ತೇನೆ. ನೆನಪಿನಲ್ಲಿ ಮಾತ್ರ ಪಾಪಣ್ಣ 'ಬಂದ', 'ಹೋದ' ಅಷ್ಟೇ, ಅಲ್ಲಿಗೆ ಬಹುವಚನ ಹಾಕಲು ಹೋದರೆ ಬೇರೆ ಯಾರೋ ಬಂದು ನಿಂತ ಹಾಗಾಗುತ್ತದೆ.

ಜಟಕಾ ಹತ್ತಿದವರಿಗೆ ಗೊತ್ತು, ಅದರಲ್ಲಿ ಕೂರುವುದು ಎಂದರೆ ತೂಕ ಹಂಚುವ ಕೆಲಸ. ಇರುವುದು ಎರಡೇ ಚಕ್ರ. ಹಿಂದೆ ಭಾರ ಜಾಸ್ತಿಯಾದರೆ ಗಾಡಿಯ ಮುಂದಿನ ಕೋಲುಗಳು ಮೇಲೆದ್ದು ಕುದುರೆಯ ಹೊಟ್ಟೆಪಟ್ಟಿಯನ್ನು ಬಿಗಿಯುತ್ತವೆ. ಮುಂದೆ ಜಾಸ್ತಿಯಾದರೆ ಭಾರವೆಲ್ಲ ಅದರ ಬೆನ್ನಿಗೆ. ಪಾಪಣ್ಣ ಪ್ರತಿದಿನ ನಮ್ಮನ್ನು ತರಕಾರಿ ಜೋಡಿಸಿದ ಹಾಗೆ ಹಿಂದೆ ಮುಂದೆ ಸರಿಸಿ, ಕೆಳಗಿಳಿದು ಹೊಟ್ಟೆಪಟ್ಟಿಯೊಳಗೆ ಎರಡು ಬೆರಳು ಹಾಕಿ ನೋಡಿಯೇ ಹೊರಡುತ್ತಿದ್ದ. ಆರು ಜನರಲ್ಲಿ ನಾನೇ ಗುಂಡಮ್ಮ. ಹಾಗಾಗಿ ನನ್ನ ಜಾಗ ಕಾಯಂ ಆಗಿ ಮುಂದೆ, ಅವನ ಪಕ್ಕದಲ್ಲಿ. ಉಳಿದವರಿಗೆ ಮಾತ್ರ ನಾನು ಲೆಕ್ಕದಲ್ಲಿ ಫಸ್ಟ್ ಬರುವುದರಿಂದ ಪಾಪಣ್ಣ ನನ್ನನ್ನು ಮುಂದೆ ಕೂರಿಸುತ್ತಾನೆ ಎಂದು ಹೇಳಿಟ್ಟಿದ್ದೆ.

ಅಲ್ಲಿ ಕೂತವಳಿಗೆ ಕಾಣುತ್ತಿದ್ದದ್ದು ಎರಡೇ: ಚಂದ್ರಿಯ ಕಿವಿಗಳು ಮತ್ತು ಪಾಪಣ್ಣನ ಬೆರಳುಗಳು. ಚಾವಟಿ ಒಂದಿತ್ತು, ಆದರೆ ಅದು ಗಾಡಿಯ ಪಕ್ಕದಲ್ಲಿ ಬಾವುಟವಿಲ್ಲದ ಕಂಬದ ಹಾಗೆ ಸುಮ್ಮನೆ ನಿಂತಿರುತ್ತಿತ್ತು. ತಿರುವು ಬಂದಾಗ ಅವನ ಕಿರುಬೆರಳು ಒಂದಿಷ್ಟೇ ಮಡಿಚಿಕೊಳ್ಳುತ್ತಿತ್ತು. ಚಂದ್ರಿಯ ಆ ಕಡೆಯ ಕಿವಿ ಹಿಂದಕ್ಕೆ ತಿರುಗುತ್ತಿತ್ತು, ಆಮೇಲೆ ಕತ್ತು, ಆಮೇಲೆ ಇಡೀ ಗಾಡಿ. ಅವಳು ತಿರುಗಲು ಶುರುಮಾಡಿದ ಗಳಿಗೆಗೇ ಬೆರಳು ಬಿಚ್ಚಿಕೊಳ್ಳುತ್ತಿತ್ತು. ನಾನು ಒಂದು ದಿನ ಇದೆಲ್ಲ ಹೇಗೆ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ಕೇಳೋದು. ಅವಳು ಕೇಳಿಸ್ಕೊಂಡ್ರೆ ಬಿಡೋದು. ಇಷ್ಟೇ ಕೆಲ್ಸ ಅಮ್ಮಣ್ಣಿ." ನನ್ನನ್ನು ಅವನು ಅಮ್ಮಣ್ಣಿ ಎಂದೇ ಕರೆಯುತ್ತಿದ್ದದ್ದು. ಹೆಸರು ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಕಡಿವಾಣದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕುದುರೆಯ ಬಾಯಲ್ಲಿ ಅಡ್ಡಲಾಗಿ ಇರುವ ಕಬ್ಬಿಣದ ತುಂಡು ಅದು, ಅದರ ಎರಡು ತುದಿಗೆ ಲಗಾಮು. ಡಿಸೆಂಬರ್ ತಿಂಗಳಲ್ಲಿ ಒಂದು ಬೆಳಿಗ್ಗೆ ಪಾಪಣ್ಣ ನಮ್ಮ ಬಾಗಿಲಲ್ಲಿ ನಿಂತು ಅಮ್ಮನ ಹತ್ತಿರ ಒಂದು ಚೊಂಬು ಬಿಸಿನೀರು ಕೇಳಿದ. ಪಾಪ, ಚಳಿ, ಕುಡಿಯುವುದಕ್ಕಿರಬೇಕು ಎಂದು ಅಮ್ಮ ಹಂಡೆಯ ನೀರು ಬೇಡವೆಂದು ಒಲೆಯ ಮೇಲೆ ಬೇರೆ ಕಾಯಿಸಿ, ಶುಂಠಿ ಜಜ್ಜಿ ಹಾಕಿ ಕೊಟ್ಟಳು. ಅವನು ಅದನ್ನು ಮೂಸಿ ನೋಡಿ, ಕಡಿವಾಣವನ್ನು ಅದರೊಳಗೆ ಅದ್ದಿದ. ಅಮ್ಮನ ಮುಖ ನೋಡಬೇಕಿತ್ತು. ಅಡುಗೆಮನೆಯ ಚೊಂಬಿನಲ್ಲಿ ಕುದುರೆಯ ಎಂಜಲು. ಅವಳು ಬಾಯಿ ತೆರೆಯುವಷ್ಟರಲ್ಲಿ ಪಾಪಣ್ಣ, ತಣ್ಣಗೆ ಕೊರೆಯುವ ಕಬ್ಬಿಣವನ್ನು ಹಾಗೇ ಬಾಯಿಗಿಟ್ಟರೆ ಯಾರಿಗೆ ತಾನೇ ಜುಮ್ಮೆನ್ನುವುದಿಲ್ಲ ಎಂದು ವಿನಯವಾಗಿ ವಿವರಿಸಿದ. ಹಲ್ಲುನೋವಿನ ಅಮ್ಮನಿಗೆ ಇದು ತಟ್ಟನೆ ಅರ್ಥವಾಯಿತು. ಆ ದಿನದಿಂದ ನೆಗ್ಗಿದ ಹಳೇ ಚೊಂಬೊಂದು 'ಚಂದ್ರಿ ಚೊಂಬು' ಎಂಬ ಹೆಸರು ಪಡೆದು ಬಚ್ಚಲ ಗೂಡಿನಲ್ಲಿ ಪ್ರತ್ಯೇಕವಾಗಿ ಕೂತಿತು. ನಾವು ಎದ್ದು ಮುಖ ತೊಳೆಯುವ ಮೊದಲೇ ಚಂದ್ರಿಯ ಪಾಲಿನ ನೀರು ಎತ್ತಿಟ್ಟಾಗಿರುತ್ತಿತ್ತು. ಶುಂಠಿ ಮಾತ್ರ ನಿಂತುಹೋಯಿತು.

ಪಾಪಣ್ಣ ಚಂದ್ರಿಯನ್ನು ಪಳಗಿಸಿದ ಬಗೆಯನ್ನೂ ನಾನು ಅವನ ಬಾಯಿಂದಲೇ ಕೇಳಿದ್ದೇನೆ. ಅವಳು ಹೊಸದಾಗಿ ಬಂದಾಗ ಹಿಟ್ಟಿನ ಗಿರಣಿಯ ಸದ್ದಿಗೆ ಹೆದರುತ್ತಿದ್ದಳಂತೆ. ಇವನು ಎಳೆದುಕೊಂಡು ಹೋಗಲಿಲ್ಲ. ಮೊದಲ ದಿನ ಬೀದಿಯ ಕೊನೆಯಲ್ಲಿ, ಸದ್ದು ಅಷ್ಟಿಷ್ಟು ಕೇಳುವಲ್ಲಿ ನಿಲ್ಲಿಸಿ ಬೇಯಿಸಿದ ಹುರುಳಿ ತಿನ್ನಿಸಿದ. ಮಾರನೇ ದಿನ ಇನ್ನೊಂದು ಮನೆಯಷ್ಟು ಹತ್ತಿರ. ಅವಳು ಕಿವಿ ನಿಮಿರಿಸಿ ಹೆಜ್ಜೆ ತಡೆದರೆ ಅಲ್ಲಿಗೇ ನಿಲ್ಲಿಸಿ, ತಲೆ ಕೆಳಗಿಳಿಸುವ ತನಕ ಕಾಯುವುದು. ಮೂರು ವಾರದ ಹೊತ್ತಿಗೆ ಚಂದ್ರಿ ಗಿರಣಿಯ ಬಾಗಿಲಲ್ಲೇ ನಿಂತು, ಒಂದು ಹಿಂಗಾಲು ಸಡಿಲಬಿಟ್ಟು ತೂಕಡಿಸುತ್ತಿದ್ದಳು. ನಾನು ಮುಂದೆ ಎಷ್ಟೋ ಮಕ್ಕಳನ್ನು ಬೀಜಗಣಿತದ ಬಾಗಿಲಿಗೆ ಕಿವಿ ಹಿಡಿದು ಎಳೆದುಕೊಂಡು ಹೋದೆ. ಅವರಲ್ಲಿ ಒಬ್ಬರೂ ಅಲ್ಲಿ ನಿಶ್ಚಿಂತೆಯಿಂದ ತೂಕಡಿಸಿದ್ದು ಕಾಣೆ. ಹಿಂದಿನ ಬೆಂಚಿನವರ ಲೆಕ್ಕ ಬೇರೆ.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಚೊಂಬು, ಗಿರಣಿ ಎಂದು ಸುತ್ತಿದ್ದು ಅದನ್ನು ಮುಂದೂಡಲಿಕ್ಕೇ ಎಂಬುದು ನಿಮಗೂ ಗೊತ್ತಾಗಿರಬೇಕು.

ಅವರೆಕಾಯಿ ಕಾಲ. ಗಾಂಧಿ ಬಜಾರಿನ ಹತ್ತಿರ ರಸ್ತೆಯ ಪಕ್ಕದಲ್ಲೆಲ್ಲ ಅವರೆಕಾಯಿಯ ರಾಶಿ, ಗಾಳಿಯಲ್ಲೆಲ್ಲ ಸೊಗಡು. ಹಿಂದೆ ಕೂತಿದ್ದ ಪದ್ಮಾಳ ತಿಂಡಿಡಬ್ಬಿ ರಸ್ತೆಗೆ ಬಿತ್ತು. ಪಾಪಣ್ಣ ಗಾಡಿ ನಿಲ್ಲಿಸಿ, ಲಗಾಮನ್ನು ನನ್ನ ಕೈಗೆ ಕೊಟ್ಟು ಇಳಿದ. "ಸುಮ್ನೆ ಇಡ್ಕೊಂಡಿರು ಅಮ್ಮಣ್ಣಿ, ಎಳೀಬ್ಯಾಡ," ಎಂದ. ಅಷ್ಟರಲ್ಲಿ ಎದುರಿನ ಅಂಗಡಿಯ ಮುಂದೆ ಯಾರೋ ಲಾರಿಯಿಂದ ತಗಡಿನ ಶೀಟುಗಳನ್ನು ಧಡಾರನೆ ಇಳಿಸಿದರು. ಗಿರಣಿಗೆ ಪಳಗಿದ ಚಂದ್ರಿ ಓಡಲಿಲ್ಲ. ಎರಡೇ ಹೆಜ್ಜೆ ಮುಂದಿಟ್ಟಳು. ಹೆದರಿದವಳು ನಾನು. ಎರಡೂ ಕೈಗೆ ಲಗಾಮು ಸುತ್ತಿಕೊಂಡು, ಮುಂದಿನ ಹಲಗೆಗೆ ಕಾಲೊತ್ತಿ, ನನ್ನ ಇಡೀ ಮೈಭಾರ ಹಾಕಿ ಎಳೆದೆ.

ಅವಳು ನಿಂತಳು. ನಾನು ಬಿಡಲಿಲ್ಲ. ಬಿಡಲಿಲ್ಲವಾದ್ದರಿಂದ ಅವಳು ಹಿಂದಕ್ಕೆ ಹೆಜ್ಜೆಯಿಟ್ಟಳು. ಹಿಂದೆ ಹೋಗುತ್ತಿದ್ದಾಳಲ್ಲಾ, ನಿಲ್ಲಿಸಬೇಕು ಎಂದು ನಾನು ಇನ್ನೂ ಜೋರಾಗಿ ಎಳೆದೆ. ಅವಳು ಇನ್ನೂ ಹಿಂದೆ ಬಂದಳು. ಹಿಂದಿನಿಂದ ಹುಡುಗಿಯರೆಲ್ಲ ಕಿರುಚುತ್ತಿದ್ದರು. ಗಾಡಿಯ ಚಕ್ರ ಅವರೆಕಾಯಿ ರಾಶಿಯ ಮೇಲೆ ಹತ್ತಿ ಓರೆಯಾಗಿ ನಿಂತಿತು. ರಾಶಿಯ ಒಡತಿ ನನ್ನ ವಂಶವನ್ನೆಲ್ಲ ನೆನೆಸಿಕೊಂಡಳು. ಪಾಪಣ್ಣ ಓಡಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಲಗಾಮಿನಿಂದ ಬಿಡಿಸಿದ. ಚಂದ್ರಿಯ ಬಾಯಿಯ ನೊರೆ ಕೆಂಪಗಿತ್ತು. ತುಟಿಯ ಎರಡೂ ಮೂಲೆ ಹರಿದಿತ್ತು.

ಅವನು ನನಗೆ ಏನೂ ಅನ್ನಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಅವಳ ಬಾಯಿ ಒರೆಸಿದ, ಕಡಿವಾಣ ಕಳಚಿ ಜೇಬಿಗಿಟ್ಟುಕೊಂಡ, ಅವರೆಕಾಯಿಯವಳ ಹತ್ತಿರ ತಾನೇ ಕೈಮುಗಿದ. ನಮ್ಮ ಅಪ್ಪನಿಗೂ ದೂರು ಹೇಳಲಿಲ್ಲ. ಗಾಯ ಮಾಯುವ ತನಕ, ಹತ್ತು ಹನ್ನೆರಡು ದಿನ, ಕಡಿವಾಣವಿಲ್ಲದೆ, ಚಂದ್ರಿಯ ತಲೆಪಟ್ಟಿ ಹಿಡಿದು ಚಾಮರಾಜಪೇಟೆಯಿಂದ ಬಸವನಗುಡಿಯವರೆಗೆ ಅವಳ ಪಕ್ಕದಲ್ಲಿ ನಡೆದೇ ಹೋದ, ನಡೆದೇ ಬಂದ. ಅಮ್ಮ ಬಿಸಿನೀರು ಹಿಡಿದು ಬಂದರೆ ಸದ್ಯಕ್ಕೆ ಬೇಡ ಎನ್ನುತ್ತಿದ್ದ.

ಮಾರನೇ ದಿನ ಬೆಳಿಗ್ಗೆ ನಾನು ಗಾಡಿ ಹತ್ತಲು ಹೋದರೆ ನನ್ನ ಜಾಗದಲ್ಲಿ ಒಂದು ಕಲ್ಲು ಕೂತಿತ್ತು. ಪಾಪಣ್ಣನ ಮನೆಯ ರುಬ್ಬುವ ಗುಂಡು. ಗಾಡಿಗೆ ಮುಂದೆ ತೂಕ ಬೇಕಲ್ಲ, ಅದಕ್ಕೆ. ನನ್ನನ್ನು ಹಿಂದೆ ಪದ್ಮಾಳ ಪಕ್ಕ ಕೂರಿಸಿದ. ಹುಡುಗಿಯರು ಕಿಸಿಕಿಸಿ ನಕ್ಕರು. ಒಂದು ಮಾತು ಬೈದಿದ್ದರೆ, ಒಂದೇಟು ಹೊಡೆದಿದ್ದರೂ ಅತ್ತು ಹಗುರಾಗುತ್ತಿದ್ದೆ. ಆ ಕಲ್ಲು ಮಾತ್ರ ವರ್ಷ ಮುಗಿಯುವ ತನಕ ಅಲ್ಲೇ ಇತ್ತು. ಜೂನ್ ತಿಂಗಳಲ್ಲಿ ಶಾಲೆಗೆ ಬಸ್ ಬಂತು, ಜಟಕಾ ನಿಂತಿತು. ನಾನು ಅವನ ಹತ್ತಿರ ತಪ್ಪಾಯಿತು ಎಂದು ಹೇಳಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಐವತ್ತೆರಡು ವರ್ಷ ಹೋಯಿತು.

ಪಾಪಣ್ಣ ದೂರವೇನೂ ಹೋಗಿಲ್ಲ, ಅದೇ ಕಷ್ಟ. ಚಂದ್ರಿ ವಯಸ್ಸಾಗಿ ಹೋದ ಮೇಲೆ ಅವನು ಇನ್ನೊಂದು ಕುದುರೆ ಕಟ್ಟಲಿಲ್ಲ. ಮಗಳು ಸರೋಜ ನಮ್ಮ ಪಕ್ಕದ ರಸ್ತೆಯಲ್ಲೇ ತರಕಾರಿ ಅಂಗಡಿ ಇಟ್ಟಿದ್ದಾಳೆ, ಮನೆ ಅದರ ಹಿಂದೆಯೇ. ಎಂಬತ್ತೈದು ದಾಟಿದ ಪಾಪಣ್ಣ ಕಣ್ಣು ಪೂರಾ ಹೋಗಿ, ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾನೆ. ಮದುವೆಯಾಗಿ ಅದೇ ಪೇಟೆಯಲ್ಲಿ ಉಳಿದ ನಾನು ವಾರಕ್ಕೆ ಮೂರು ಸಲ ಅಲ್ಲಿಗೆ ಹೋಗುತ್ತೇನೆ. ನನ್ನ ದನಿ ಕೇಳಿದರೆ "ಚೆನ್ನಾಗಿದೀರಾ ಟೀಚರಮ್ಮ" ಎನ್ನುತ್ತಾನೆ. ಎಂದಿನಿಂದ ಅಮ್ಮಣ್ಣಿ ಹೋಗಿ ಟೀಚರಮ್ಮ ಆದೆನೋ ನೆನಪಿಲ್ಲ. ಅಂಗಡಿಯ ಟಾರ್ಪಾಲು ಗಾಳಿಗೆ ಹಾರದಿರಲೆಂದು ಕಟ್ಟೆಯ ಮೇಲೆ ಅದರ ಅಂಚಿಗೆ ಒಂದು ಗುಂಡುಕಲ್ಲು ಇಟ್ಟಿದ್ದಾರೆ. ಅದು ಆ ಕಲ್ಲೇ. ಇಪ್ಪತ್ತು ವರ್ಷದಿಂದ ನಾನು ಬದನೆಕಾಯಿ ಆರಿಸುವಾಗಲೆಲ್ಲ ಒಂದು ಕಣ್ಣು ಆ ಕಲ್ಲಿನ ಮೇಲೇ ಇರುತ್ತದೆ, ಹಾಗಾಗಿ ಹುಳುಕು ಬದನೆಕಾಯಿ ಬರುತ್ತದೆ. ತಪ್ಪು ಮಾಡಿದರೆ ಧೈರ್ಯವಾಗಿ ಒಪ್ಪಿಕೊಳ್ಳಿ ಎಂದು ಮಕ್ಕಳಿಗೆ ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಬಿಗಿದವಳ ಕತೆ ಇದು.

ಹೋದ ವರ್ಷ ಕನಕಪುರ ರಸ್ತೆಯಾಚೆ ಒಂದು ತೋಟದಲ್ಲಿ ನೆಂಟರ ಮನೆಯ ಉಪನಯನ. ಬೆಳಗಿನ ಇಡ್ಲಿ ಮುಗಿಸಿ ಕೈ ತೊಳೆಯುವಾಗ ಬೇಲಿಯಾಚೆಯಿಂದ ಒಂದು ವಾಸನೆ ಬಂತು. ಒಣಹುಲ್ಲು, ಬೆವರು, ತೊಗಲು ಎಲ್ಲ ಸೇರಿದ ವಾಸನೆ. ಮಂತ್ರವೆಲ್ಲ ಬಿಟ್ಟು ರೇಷ್ಮೆ ಸೀರೆಯಲ್ಲೇ ಆ ಕಡೆ ಹೋದೆ. ಕುದುರೆ ಸವಾರಿ ಕಲಿಸುವ ಜಾಗ. ಚೈತ್ರ ಎಂಬ ಇಪ್ಪತ್ತಾರು ವರ್ಷದ ಹುಡುಗಿ ಅಲ್ಲಿ ಕಲಿಸುವವಳು. ಮೊಮ್ಮಕ್ಕಳನ್ನು ಸೇರಿಸಬೇಕಾ ಆಂಟಿ ಎಂದು ಕೇಳಿದಳು. ಮೊಮ್ಮಕ್ಕಳನ್ನಲ್ಲ, ನನ್ನನ್ನೇ ಎಂದು ನನ್ನ ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತು.

ಆದರೆ ಹೇಳಿದ ಮೇಲೆ ನನಗೆ ಸ್ಪಷ್ಟವಾಯಿತು. ಬರೀ ಬಾಯಿಮಾತಿನ ಕ್ಷಮೆ ಕೇಳುವುದಕ್ಕೆ ನನಗೆ ನಾಚಿಕೆ. ಒಂಬತ್ತು ವರ್ಷದ ಆ ಕೈಯೇ ಇನ್ನೂ ನನ್ನ ಮುಂಗೈಯ ತುದಿಯಲ್ಲಿದೆ, ಇವತ್ತು ಲಗಾಮು ಕೊಟ್ಟರೂ ಹಾಗೇ ಎಳೆಯುತ್ತದೆ. ಅದನ್ನು ಮೊದಲು ಮೆತ್ತಗೆ ಮಾಡಿಕೊಳ್ಳಬೇಕು. ಆಮೇಲೆ ಪಾಪಣ್ಣನ ಮುಂದೆ ಹೋಗಿ ನಿಲ್ಲಬೇಕು. ಅವನಿರುವಾಗಲೇ ಆಗಬೇಕು.

ನಮ್ಮ ಯಜಮಾನರು, ಮಂಡಿನೋವು ಎಂದು ಮಹಡಿ ಮೆಟ್ಟಿಲು ಹತ್ತದವಳು ಕುದುರೆ ಹತ್ತುತ್ತಾಳಂತೆ ಎಂದು ಫೋನಿನಲ್ಲಿ ಬಂಧುಬಳಗಕ್ಕೆಲ್ಲ ಹೇಳಿದರು. ನಾನು ಪ್ರತಿ ಶನಿವಾರ ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿ, ಕೊನೆಯ ಸ್ಟೇಷನ್ನಿನಲ್ಲಿಳಿದು, ಆಟೋ ಹಿಡಿದು ಹೋಗತೊಡಗಿದೆ. ಮೊದಲ ತಿಂಗಳು ಚೈತ್ರ ಹತ್ತಿಸಲೇ ಇಲ್ಲ. ಸುಲ್ತಾನ ಎಂಬ ಬಿಳಿಯ ಮುದಿ ಕುದುರೆಯ ಮೈ ಉಜ್ಜುವುದು, ಗೊರಸು ಎತ್ತಿ ಅದರ ಸಂದಿಯ ಕಲ್ಲುಮಣ್ಣು ತೆಗೆಯುವುದು, ಉದ್ದ ಹಗ್ಗ ಹಿಡಿದು ನಡುವೆ ನಿಂತು ಅವನನ್ನು ಸುತ್ತ ಓಡಾಡಿಸುವುದು. ಹತ್ತುವ ದಿನ ಬಂದಾಗ ನನಗೆ ಮೂರು ಮೆಟ್ಟಿಲ ಪೀಠ, ಇಬ್ಬರ ಆಸರೆ, ಇಷ್ಟದೈವಗಳೆಲ್ಲರ ಸಹಕಾರ ಬೇಕಾಯಿತು. ಸುಲ್ತಾನ ನಿಟ್ಟುಸಿರು ಬಿಟ್ಟ. ಅದು ನನ್ನ ತೂಕಕ್ಕೆ ಅಲ್ಲ, ಕುದುರೆಗಳು ಸಮಾಧಾನವಾದಾಗ ಹಾಗೆ ಮಾಡುತ್ತವೆ ಎಂದು ಚೈತ್ರ ಸುಳ್ಳು ಹೇಳಿದಳು.

ಕೂರುವುದು ಬಂತು. ಕುದುರೆ ಕುಲುಕುತ್ತಾ ಓಡುವಾಗ ಅದರ ತಾಳಕ್ಕೆ ಎದ್ದು ಕೂತು ಮಾಡುವುದೂ ಒಂದು ಮಟ್ಟಿಗೆ ಬಂತು. ಕೈ ಮಾತ್ರ ಬರಲಿಲ್ಲ. "ಆಂಟಿ, ಎಳೀಬೇಡಿ" ಎಂಬ ಮಾತನ್ನು ಆ ಹುಡುಗಿ ಎಷ್ಟು ಸಲ ಹೇಳಿದಳೋ. ನಾನು ಎಳೆದಾಗಲೆಲ್ಲ ಸುಲ್ತಾನ ತಲೆ ಮೇಲೆತ್ತಿ ಬಾಯಿ ತೆರೆಯುತ್ತಿದ್ದ, ನನ್ನ ಮೂಗಿಗೆ ಅವರೆಕಾಯಿಯ ಸೊಗಡು ಬಡಿಯುತ್ತಿತ್ತು. ಕೊನೆಗೆ ಚೈತ್ರ, ಎರಡು ಕೈಯಲ್ಲೂ ಲಗಾಮಿನ ಜೊತೆ ಒಂದೊಂದು ಹಸಿ ಮೊಟ್ಟೆ ಹಿಡಿದುಕೊಂಡು ಸವಾರಿ ಮಾಡಬೇಕು, ಒಡೆಯಬಾರದು ಎಂದಳು. ನಾನು ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಮುಟ್ಟುವುದೇನೋ ಆದೀತು, ಒಡೆದರೆ ಆ ಕೈಯಲ್ಲಿ ಮನೆಗೆ ಹೋಗಿ ದೇವರ ದೀಪ ಹಚ್ಚುವುದು ಹೇಗೆ? ಬಹಳ ಚರ್ಚೆಯಾಗಿ ಟೊಮ್ಯಾಟೊ ಎಂದು ಒಪ್ಪಂದವಾಯಿತು. ಮೊಟ್ಟೆಗೆ ಸಮನಾಗಬೇಕಾದರೆ ಮುಟ್ಟಿದರೆ ಸೋರುವಷ್ಟು ಹಣ್ಣಾಗಿರಬೇಕು ಎಂಬುದು ಅವಳ ಷರತ್ತು.

ಹೀಗೆ ಶುಕ್ರವಾರ ಸಂಜೆ ಸರೋಜಳ ಅಂಗಡಿಯಲ್ಲಿ ಎರಡೇ ಎರಡು ಅತಿ ಹಣ್ಣಾದ ಟೊಮ್ಯಾಟೊ ಕೊಳ್ಳುವುದು ನನ್ನ ವ್ರತವಾಯಿತು. ಬೇರೆಯವರು ಗಟ್ಟಿಯಾದದ್ದು ಹುಡುಕುವಾಗ ನಾನು ಮೆತ್ತಗಿರುವುದನ್ನು ಹುಡುಕುತ್ತಿದ್ದೆ. ಮುಖಕ್ಕೆ ಹಚ್ಚಿಕೊಳ್ಳೋದಕ್ಕಾ ಎಂದು ಸರೋಜ ಕೇಳಿದಳು, ಹೌದೆಂದೆ. ನನ್ನ ಮುಖ ನೋಡಿ ಅವಳು ಪರಿಣಾಮದ ವಿಷಯ ಎತ್ತಲಿಲ್ಲ. ನಾಲ್ಕು ತಿಂಗಳು ನನ್ನ ಕುರ್ತಾಗಳ ತೋಳೆಲ್ಲ ಕೆಂಪು ಕಲೆ. ಮೆಟ್ರೋದಲ್ಲಿ ಒಬ್ಬ ಹೆಂಗಸು ಗಾಬರಿಯಾಗಿ ಎದ್ದು ನನಗೆ ಸೀಟು ಬಿಟ್ಟುಕೊಟ್ಟಳು.

ಆಮೇಲೆ ಗೇಟಿನ ಪಾಠ ಬಂತು. ಕುದುರೆಯಿಂದ ಇಳಿಯದೆ, ಮೇಲೆ ಕೂತೇ ತೋಟದ ಗೇಟು ತೆರೆದು ದಾಟಿ ಮುಚ್ಚಬೇಕು. ದನ ಕಾಯುವ ಸವಾರರಿಗೆಲ್ಲ ಇದು ಮೊದಲ ಪಾಠವಂತೆ. ಗೇಟು ನಮ್ಮ ಕಡೆಗೆ ತೆರೆದುಕೊಳ್ಳುವಂಥದ್ದು, ಆದ್ದರಿಂದ ಕುದುರೆಯನ್ನು ಮೂರು ಹೆಜ್ಜೆ ಹಿಂದಕ್ಕೆ ನಡೆಸಬೇಕು. ಹಿಂದಕ್ಕೆ ಎಂದ ಕೂಡಲೇ ಜೀನಿನ ಮುಂದಿನ ಅಂಚು ಹಿಡಿದುಕೊಂಡೆ. ಆಗುವುದಿಲ್ಲ, ಇಳಿಸಿಬಿಡು ಎಂದೆ. ಚೈತ್ರ ಬಂದು ಸುಲ್ತಾನನ ಪಕ್ಕ ನಿಂತು, ನಿಧಾನಕ್ಕೆ ಹೇಳಿದಳು: "ಎಳೆಯೋದಲ್ಲ ಆಂಟಿ. ಬೆರಳು ಮುಚ್ಚಿ ಸುಮ್ನೆ ಕಾಯಿರಿ. ಅವನು ಒಂದು ಕಾಲು ಹಿಂದೆ ಇಟ್ಟ ತಕ್ಷಣ ಬಿಟ್ಬಿಡಿ. ಬಿಡ್ಲಿಲ್ಲ ಅಂದ್ರೆ, ಇನ್ನೂ ಹಿಂದೆ ಹೋಗು ಅಂತ ಹೇಳ್ತಿದೀರಿ ಅಂತ್ಲೇ ಅವನು ತಿಳ್ಕೊಳ್ಳೋದು."

ನಾನು ಸುಲ್ತಾನನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಚಂದ್ರಿಗೆ ಹುಚ್ಚು ಹಿಡಿದಿರಲಿಲ್ಲ. ಅವಳು ಹೆದರಿ ಹಿಂದೆ ಬಂದದ್ದಲ್ಲ. ಬಾಯಿ ಹರಿಯುತ್ತಿದ್ದರೂ, ನನ್ನ ಕೈ ಹಿಂದೆ ಬಾ ಎನ್ನುತ್ತಿದೆ ಎಂದು ನಂಬಿ, ಹೇಳಿದ ಮಾತು ಕೇಳಿದ್ದಳು. ಐವತ್ತೆರಡು ವರ್ಷ ನಾನು ಇದನ್ನು ಕುದುರೆ ಬೆದರಿದ ಕತೆ ಎಂದೇ ಹೇಳಿಕೊಂಡು ಬಂದಿದ್ದೆ. ಕಣ್ಣೊರೆಸಿಕೊಂಡು ಬೆರಳು ಮುಚ್ಚಿ ಕಾದೆ. ಸುಲ್ತಾನನ ಕಿವಿ ಹಿಂದಕ್ಕೆ ತಿರುಗಿತು. ಒಂದು ಕಾಲು ಹಿಂದೆ ಸರಿಯಿತು. ಬಿಟ್ಟೆ. ಮತ್ತೆ ಕೇಳಿದೆ, ಮತ್ತೆ ಬಿಟ್ಟೆ. ಮೂರು ಹೆಜ್ಜೆ. ಗೇಟು ತೆರೆಯಿತು. ಮುಂದಿನ ಶನಿವಾರವೇ ಟೊಮ್ಯಾಟೊಗಳು ಇಡಿಯಾಗಿ ಮನೆಗೆ ಬಂದದ್ದು, ಸಾರಾದದ್ದು.

ಅವತ್ತು ಮನೆಗೆ ಬರುವ ದಾರಿಯಲ್ಲಿ ಸಾರಿಗೆ ಕೊತ್ತಂಬರಿಸೊಪ್ಪು ಬೇಕೆಂದು ಸರೋಜಳ ಅಂಗಡಿಗೆ ಹೋದೆ. ಎಂದೂ ಹಾಗೆ ನೇರ ಹೋದವಳಲ್ಲ, ಮನೆಗೆ ಹೋಗಿ ಸ್ನಾನ ಮಾಡಿಯೇ ಬೇರೆ ಕೆಲಸ. ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿದ್ದ ಪಾಪಣ್ಣ ಮೂಗನ್ನು ಗಾಳಿಗೆ ಎತ್ತಿದ.

"ಯಾರವ್ವಾ ಅದು, ಕುದ್ರೆ ಮುಟ್ಟಿ ಬಂದೋರು?"

ಸರೋಜ, ಟೀಚರಮ್ಮ ಕಣಪ್ಪ, ಕುದುರೆ ಎಲ್ಲಿಂದ ಬರಬೇಕು ಎಂದಳು. ಆಗ ನಾನು ಎಲ್ಲ ಹೇಳಿದೆ. ಸುಲ್ತಾನ, ಚೈತ್ರ, ಟೊಮ್ಯಾಟೊ, ಗೇಟು. ಚಂದ್ರಿಯ ಹೆಸರು ಮಾತ್ರ ಎತ್ತಲಿಲ್ಲ. ಪಾಪಣ್ಣ ಎಲ್ಲ ಕೇಳಿ, ಒಳಗೆ ಗೂಟದಲ್ಲಿರುವ ಕಡಿವಾಣ ತರಲು ಮಗಳಿಗೆ ಹೇಳಿದ. ತೊಗಲಿನ ಲಗಾಮು ಎಂದೋ ಮಣ್ಣಾಗಿತ್ತು. ತರಕಾರಿ ಮೂಟೆ ಕಟ್ಟುವ ಹಗ್ಗವನ್ನೇ ಅದರ ಎರಡು ತುದಿಯ ಬಳೆಗಳಿಗೆ ಕಟ್ಟಿಸಿದ. ಹಗ್ಗದ ತುದಿ ನನ್ನ ಕೈಗೆ ಬಂತು. ಕಬ್ಬಿಣವನ್ನು ಅವನು ಅಂಗಿಯೊಳಗೆ ಕಂಕುಳಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡ. ಬೆಚ್ಚಗಾದ ಮೇಲೆ ಎರಡು ಅಂಗೈಯಲ್ಲಿ ಹಿಡಿದು ಎದೆಯ ಮುಂದೆ ತಂದ.

"ಈಗ ನಾನೇ ಕುದ್ರೆ. ನಡೆಸಿ ಟೀಚರಮ್ಮ," ಎಂದ.

ಅಂಗಡಿಯ ಮುಂದೆ, ಸಂಜೆಯ ಜನ ಓಡಾಡುವ ರಸ್ತೆಯಲ್ಲಿ ನಾವಿಬ್ಬರು ಹೀಗೆ ಎದುರುಬದುರು. ನಾನು ಎಡಗಡೆಯ ಕಿರುಬೆರಳು ಮಡಿಸಿದೆ. ಅವನ ತಲೆ ಎಡಕ್ಕೆ ತಿರುಗಿತು. ಬಿಟ್ಟೆ. ಬಲಕ್ಕೆ ಕೇಳಿದೆ, ಬಲಕ್ಕೆ ತಿರುಗಿದ. ಇದ್ದಕ್ಕಿದ್ದಂತೆ ಅವನು ಕಡಿವಾಣವನ್ನು ತನ್ನ ಕಡೆಗೆ ಜೋರಾಗಿ ಜಗ್ಗಿದ, ಬೆದರಿದ ಕುದುರೆ ತಲೆ ಒಗೆದ ಹಾಗೆ. ನನ್ನ ಕೈಗಳು ಅವನ ಹಿಂದೆಯೇ ಹೋದವು. ಎಳೆಯಲಿಲ್ಲ. ಜಗ್ಗಾಟ ನಿಂತ ಮೇಲೆ ಬೆರಳು ಮುಚ್ಚಿ ಕಾದೆ. ಅವನು ಕುರ್ಚಿಯಲ್ಲೇ ಒಂದು ಪಾದ ಹಿಂದಕ್ಕೆ ಸರಿಸಿದ. ಆ ಕ್ಷಣಕ್ಕೇ ಬಿಟ್ಟೆ.

ಹಗ್ಗ ಕೈಯಲ್ಲಿ ಹಿಡಿದೇ ಹೇಳಿದೆ. "ಪಾಪಣ್ಣಾ, ಅವತ್ತು ಗಾಂಧಿ ಬಜಾರಲ್ಲಿ ಚಂದ್ರಿ ಬಾಯಿ ಹರಿದಿದ್ದು ನಾನು. ನೀವು ಎಳೀಬೇಡ ಅಂದಿದ್ರಿ. ತಪ್ಪಾಯ್ತು."

"ನಿನ್ದಲ್ಲ," ಎಂದ. "ಹೆದ್ರೋ ಕೈಗೆ ಲಗಾಮು ಕೊಟ್ಟೋನು ನಾನು. ಇನ್ನೊಂದ್ಸಲ ಮರೆತು ಕೊಟ್ಬಿಟ್ಟೇನು ಅಂತ ನಂಗೇ ಭಯ ಆಗಿ ಆ ಕಲ್ಲು ತಂದಿಟ್ಟೆ. ನೀನು ಹಿಂದ್ಗಡೆ ಕೂತು ವರ್ಷವೆಲ್ಲ ಒಂದು ಮಾತಾಡ್ಲಿಲ್ಲ."

ಅವನು ಕಡಿವಾಣವನ್ನು ತೊಡೆಯ ಮೇಲಿಟ್ಟುಕೊಂಡು, ಮಗಳಿದ್ದ ಕಡೆಗೆ ಮುಖ ತಿರುಗಿಸಿದ.

"ಸರೋಜಾ, ಆ ಗುಂಡುಕಲ್ಲು ತೆಗೆದು ಕೆಳಗಿಡು. ಇನ್ನು ಕಲ್ಲು ಬ್ಯಾಡ. ಮುಂದ್ಗಡೆ ಅಮ್ಮಣ್ಣಿ ಕೂತ್ಕೋತಾಳೆ."

ಅದನ್ನು ತೆಗೆದರೆ ಟಾರ್ಪಾಲು ಹಾರಿಹೋಗುತ್ತೆ, ಅಪ್ಪನಿಗೆ ಈಚೆಗೆ ಹೀಗೇ ಏನೇನೋ ನೆನಪಾಗುತ್ತೆ, ನೀವು ಬ್ಯಾಸರ ಮಾಡ್ಕೋಬೇಡಿ ಟೀಚರಮ್ಮ ಎಂದು ಸರೋಜ ನನಗೆ ಸಮಾಧಾನ ಹೇಳುತ್ತಿದ್ದಳು. ನಾನು ಟಾರ್ಪಾಲಿನ ಅಂಚನ್ನು ಒಂದು ಕೈಯಲ್ಲಿ ಮೆಲ್ಲಗೆ ಹಿಡಿದು, ಇನ್ನೊಂದು ಕೈಯಲ್ಲಿ ಆ ಕಲ್ಲನ್ನು ಉರುಳಿಸಿ ಕೆಳಗಿಳಿಸಿ, ಪಾಪಣ್ಣನ ಪಕ್ಕದಲ್ಲಿದ್ದ ಖಾಲಿ ಟೊಮ್ಯಾಟೊ ಕ್ರೇಟಿನ ಮೇಲೆ ಕೂತೆ.